ಗಾಲಿಯ ಮೇಲಿನ ಮನೆಗೆ ಬಿಡಿಭಾಗ ಎಲ್ಲಿಂದ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಅವರು ಕಂಡಿದ್ದ ಮನೆಗಳೆಲ್ಲ ಕಟ್ಟಿದ ಜಾಗದಲ್ಲಿಯೇ ನಿಲ್ಲುವಂಥವು. ಆದರೆ ಮನೆಗೆ ಆರು ಗಾಲಿಗಳಿದ್ದು, ಅದು ಗಂಟೆಗೆ ಅರವತ್ತು ಮೈಲಿ ವೇಗದಲ್ಲಿ ಹೆದ್ದಾರಿಯ ಮೇಲೆ ಓಡುವುದಾದರೆ, ಅದನ್ನು ನಿರ್ಮಿಸಿದ ಕಾರ್ಖಾನೆ ಆ ಕೆಲಸವನ್ನು ಕೈಬಿಟ್ಟು ನಲವತ್ತೈದು ವರ್ಷಗಳ ಮೇಲಾಗಿದ್ದರೆ, ಆ ಮನೆಯೊಡೆಯನ ಪಾಡೇನು? ಗೋಡೆ ಬಿರುಕು ಬಿಟ್ಟರೆ ಗಾರೆಯವನನ್ನು ಕರೆಸಬಹುದು. ಬ್ರೇಕು ಸೋತರೆ ಯಾರನ್ನು ಕರೆಸುವುದು? ಸೋತ ಬ್ರೇಕಿಗೆ ಬೇಕಾದ ಭಾಗವನ್ನು ಯಾವ ಅಂಗಡಿಯಲ್ಲಿ ಕೇಳುವುದು?

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಇಂಥ ಮನೆಗಳಿಗೆ ‘ಮೋಟಾರ್‌ಹೋಂ’ ಎಂದು ಹೆಸರು. ಚಾಲಕನ ಪೀಠದ ಬೆನ್ನಿಗೇ ಕೋಣೆ, ಅಡಿಗೆಯ ಒಲೆ, ಬಚ್ಚಲು, ಮಲಗುವ ಹಾಸಿಗೆ ಎಲ್ಲವೂ ಇರುತ್ತವೆ. ಹಲವು ಕಂಪೆನಿಗಳು ಇವನ್ನು ತಯಾರಿಸಿವೆಯಾದರೂ, ಹಳೆಯ ವಾಹನಗಳ ಪ್ರೇಮಿಗಳು ಇಂದಿಗೂ ಹಂಬಲಿಸುವುದು ಜನರಲ್ ಮೋಟಾರ್ಸ್ ಸಂಸ್ಥೆಯ ಜಿ.ಎಂ.ಸಿ. ವಿಭಾಗವು ಮಿಚಿಗನ್ ಸಂಸ್ಥಾನದ ಪಾಂಟಿಯಾಕ್ ನಗರದಲ್ಲಿ ತಯಾರಿಸಿದ ಮೋಟಾರ್‌ಹೋಂ ಒಂದನ್ನೇ ಎನ್ನಬೇಕು. 1972ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಬಳಿಯ ಡಲೆಸ್ ವಿಮಾನನಿಲ್ದಾಣದಲ್ಲಿ ನಡೆದ ಸಾರಿಗೆ ಪ್ರದರ್ಶನದಲ್ಲಿ ಇದು ಜನರ ಕಣ್ಣಿಗೆ ಬಿತ್ತು. 1973ರಿಂದ 1978ರ ವರೆಗಿನ ಮಾದರಿಗಳಲ್ಲಿ ಹದಿಮೂರು ಸಾವಿರಕ್ಕೆ ಸ್ವಲ್ಪ ಕಡಮೆ ಸಂಖ್ಯೆಯ ಗಾಡಿಗಳು ಹೊರಬಂದುವು. ಉದ್ದ 23 ಅಡಿ, ಇಲ್ಲವೆ 26 ಅಡಿ. ಉಬ್ಬುತಗ್ಗಿಲ್ಲದ ನುಣುಪಾದ ಮೈ, ಅಗಲವಾದ ಗಾಜು. ಇಂದು ನೋಡಿದರೂ ಹಳತೆನ್ನಿಸದ ರೂಪು. 1981ರ ‘ಸ್ಟ್ರೈಪ್ಸ್’ ಎಂಬ ಹಾಸ್ಯಚಿತ್ರದಲ್ಲಿ ಸೈನ್ಯದ ಗುಪ್ತವಾಹನವಾಗಿ ವೇಷ ಹಾಕಿದ್ದು ಇದೇ ಗಾಡಿ.

ರೂಪಿಗೆ ಮರುಳಾಗಿ ಇದನ್ನು ಕೊಂಡವರು ಅನೇಕರು. ಕೊಂಡ ಮರುವಾರವೇ ಪರದೆಯ ಬಟ್ಟೆ, ಹಾಸಿಗೆಯ ಬಣ್ಣ, ನೆಲಹಾಸುಗಳ ವಿಚಾರ ಮನೆಮಂದಿಯಲ್ಲಿ ಆರಂಭವಾಗುತ್ತದೆ. ಇದು ಸಹಜವೇ. ಕಣ್ಣಿಗೆ ಕಾಣುವುದು ಅದು ತಾನೆ! ಆದರೆ ಈ ಮನೆಯ ಆಯುಸ್ಸು ನಿಂತಿರುವುದು ನೆಲದ ಅಡಿಯಲ್ಲಿ, ಧೂಳು ಎಣ್ಣೆಗಳ ನಡುವೆ ಅಡಗಿ ಕುಳಿತ ಕೆಲವು ಕಬ್ಬಿಣದ ತೋಳುಗಳ ಮೇಲೆ, ರಬ್ಬರಿನ ಚೀಲಗಳ ಮೇಲೆ, ಬೆರಳುಗಾತ್ರದ ಕೊಳವೆಗಳ ಮೇಲೆ.

ನೆಲ ತಗ್ಗಿಸಿದ ಜಾಣ್ಮೆ

ಆ ಕಾಲದ ಬಹುತೇಕ ಮೋಟಾರ್‌ಹೋಂಗಳ ಕಥೆ ಸರಳವಾದುದು. ಲಾರಿ ತಯಾರಿಸುವವರಿಂದ ಬರಿಯ ಚಾಸಿಯನ್ನು ಕೊಂಡು, ಅದರ ಮೇಲೆ ಪೆಟ್ಟಿಗೆಯಂಥ ಮನೆಯೊಂದನ್ನು ಕೂಡಿಸುವುದು. ಅಂಥ ಗಾಡಿ ನೋಡಲು ಒರಟು. ಆದರೆ ಅದರ ಬ್ರೇಕು ಕೆಟ್ಟರೆ ಅದೇ ಜಾತಿಯ ಲಾರಿಗಳು ಸಾವಿರಗಟ್ಟಲೆ ಇರುವುದರಿಂದ ಬಿಡಿಭಾಗಕ್ಕೆ ಅಷ್ಟಾಗಿ ಬರವಿಲ್ಲ. ಜಿ.ಎಂ.ಸಿ.ಯವರು ಈ ಹಾದಿ ಹಿಡಿಯಲಿಲ್ಲ. ಅಮೆರಿಕದ ದೊಡ್ಡ ಮೋಟಾರು ಕಂಪೆನಿಗಳ ಪೈಕಿ ಇಡೀ ಮೋಟಾರ್‌ಹೋಮನ್ನು ತಾವೇ ಬುಡದಿಂದ ತುದಿಯವರೆಗೆ ಕಟ್ಟಿದವರು ಇವರೊಬ್ಬರೇ.

ಓಲ್ಡ್ಸ್‌ಮೊಬೈಲ್ ಟೊರೊನಾಡೊ ಎಂಬ ವಿಲಾಸದ ಕಾರು 1966ರ ಮಾದರಿಯಿಂದ ಮುಂದಿನ ಗಾಲಿಗಳಿಂದಲೇ ಎಳೆಯಲ್ಪಡುತ್ತಿತ್ತು. ಅದರ 455 ಘನ ಅಂಗುಲದ, ಅಂದರೆ ಏಳೂವರೆ ಲೀಟರಿನ ಎಂಜಿನನ್ನೂ ಗೇರುಪೆಟ್ಟಿಗೆಯನ್ನೂ ತಂದು ಮನೆಯ ಮೂತಿಯಲ್ಲಿ ಕೂಡಿಸಿದರು. ಎಳೆತವೆಲ್ಲ ಮುಂದೆಯೇ ಮುಗಿದ ಮೇಲೆ ಹಿಂದಕ್ಕೆ ಹರಿಯುವ ಉದ್ದನೆಯ ಷಾಫ್ಟು ಬೇಕಿಲ್ಲ, ಹಿಂದಿನ ಗಾಲಿಗಳನ್ನು ಅಡ್ಡಕ್ಕೆ ಕೂಡಿಸುವ ಅಚ್ಚೂ ಬೇಕಿಲ್ಲ. ಹೀಗಾಗಿ ನೆಲವನ್ನು ರಸ್ತೆಯಿಂದ ಹದಿನಾಲ್ಕು ಅಂಗುಲದಷ್ಟು ಎತ್ತರಕ್ಕೆ ಇಳಿಸಲು ಸಾಧ್ಯವಾಯಿತು. ಮುದುಕರೂ ಮಕ್ಕಳೂ ಒಂದೇ ಹೆಜ್ಜೆಯಲ್ಲಿ ಒಳಕ್ಕೆ ಹತ್ತಬಹುದು.

ಅಚ್ಚಿಲ್ಲದ ಹಿಂಗಾಲಿಗಳನ್ನು ನಿಲ್ಲಿಸಿದ ಬಗೆಯಂತೂ ಸ್ವಾರಸ್ಯಕರವಾಗಿದೆ. ಒಂದೊಂದು ಪಕ್ಕದಲ್ಲಿ ಒಂದರ ಹಿಂದೊಂದು ಎರಡೆರಡು ಗಾಲಿ. ನಡುವಣ ಕೀಲಿನಿಂದ ಒಂದು ತೋಳು ಮುಂದಕ್ಕೆ ಚಾಚಿ ಒಂದು ಗಾಲಿಯನ್ನು ಹಿಡಿದಿದೆ, ಇನ್ನೊಂದು ತೋಳು ಹಿಂದಕ್ಕೆ ಚಾಚಿ ಮತ್ತೊಂದನ್ನು ಹಿಡಿದಿದೆ. ಈ ಎರಡು ತೋಳುಗಳ ನಡುವೆ ಉದ್ದಕ್ಕೆ ಮಲಗಿಸಿದ ಒಂದು ರಬ್ಬರಿನ ಗಾಳಿಚೀಲ. ಸ್ಪ್ರಿಂಗು ಎಂಬುದಿದ್ದರೆ ಅದೇ. ಮುಂದಿನ ಗಾಲಿ ದಿಣ್ಣೆ ಹತ್ತಿದರೆ ಚೀಲವನ್ನು ಒತ್ತುತ್ತದೆ, ಒತ್ತಡ ಏರಿದ ಚೀಲವು ಹಿಂದಿನ ಗಾಲಿಯನ್ನು ನೆಲಕ್ಕೆ ಅದುಮುತ್ತದೆ. ಒಂದರ ಭಾರವನ್ನು ಇನ್ನೊಂದು ಹಂಚಿಕೊಳ್ಳುವ ಜೋಡೆತ್ತುಗಳಂತೆ! ಪುಟ್ಟದೊಂದು ಪಂಪು ಚೀಲಗಳಿಗೆ ಗಾಳಿ ತುಂಬುತ್ತದೆ. ರಾತ್ರಿ ತಂಗುವಲ್ಲಿ ನೆಲ ಓರೆಯಾಗಿದ್ದರೆ ಒಂದು ಪಕ್ಕದ ಗಾಳಿಯನ್ನು ಏರಿಸಿ ಇಲ್ಲವೆ ಇಳಿಸಿ, ಒಲೆಯ ಮೇಲಿನ ಪಾತ್ರೆ ಜಾರದಂತೆ ಮನೆಯನ್ನು ಸಮ ಮಾಡಿಕೊಳ್ಳಬಹುದು.

ಜಾಣ್ಮೆಗೆ ತೆರಬೇಕಾದ ಬೆಲೆಯೂ ಇಲ್ಲಿಯೇ ಇದೆ. ಇಂಥ ತೋಳು, ಇಂಥ ಕೀಲು, ಇಂಥ ಚೀಲದ ಜೋಡಣೆ ಬೇರಾವ ಲಾರಿಯಲ್ಲಿಯೂ ಕಾರಿನಲ್ಲಿಯೂ ಇರಲಿಲ್ಲ. 1977ರ ಕೊನೆಯಲ್ಲಿ ಕಂಪೆನಿಯು ಈ ಗಾಡಿಯ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿತು. ಲಾಭ ಹೆಚ್ಚು ತರುವ ಸಣ್ಣ ಲಾರಿಗಳಿಗೆ ಕಾರ್ಖಾನೆಯ ಸ್ಥಳ ಬೇಕಾಗಿತ್ತು. ಅತ್ತ 1979ರ ಮಾದರಿಗೆ ಟೊರೊನಾಡೊ ಕಾರೂ ಮೈ ಇಳಿಸಿಕೊಂಡು ಚಿಕ್ಕದಾಯಿತು, ಹಳೆಯ ದೊಡ್ಡ ಗೇರುಪೆಟ್ಟಿಗೆಯ ವಂಶವೇ ಮುಗಿಯಿತು. ಕೆಲವು ಕಾಲ ಉಗ್ರಾಣದ ದಾಸ್ತಾನು ನಡೆಯಿತು. 1990ರ ದಶಕದ ಆರಂಭದಲ್ಲಿ ಬಿಡಿಭಾಗಗಳ ಹೊಣೆಯನ್ನು ಜನರಲ್ ಮೋಟಾರ್ಸ್ ಮಿಚಿಗನ್ನಿನ ಒಂದು ಸಣ್ಣ ಸಂಸ್ಥೆಗೆ ವಹಿಸಿ ಕೈ ತೊಳೆದುಕೊಂಡಿತು. ಅಲ್ಲಿಂದ ಮುಂದೆ ಈ ಗಾಡಿಗಳು ಬದುಕಿದ್ದು ಅವುಗಳ ಒಡೆಯರ ಹಟದಿಂದಲೇ.

ಬಿಡಿಭಾಗಗಳ ವಂಶಾವಳಿ

ಅನಾಥವಾದ ಗಾಡಿಗೆ ಭಾಗ ಹುಡುಕುವುದೆಂದರೆ ಹೆಣ್ಣಿಗೆ ಗಂಡು ಹುಡುಕುವಂತೆಯೇ. ಮೊದಲು ವಂಶ ಗೊತ್ತಾಗಬೇಕು. ಮೋಟಾರು ಕಂಪೆನಿ ಎಷ್ಟೇ ದೊಡ್ಡದಿರಲಿ, ಪ್ರತಿಯೊಂದು ಮೊಳೆಯನ್ನೂ ಹೊಸದಾಗಿ ರೂಪಿಸುವುದಿಲ್ಲ. ಒಂದು ಕಾರಿಗೆ ಮಾಡಿದ್ದನ್ನು ಇನ್ನೊಂದಕ್ಕೆ ಬಳಸುತ್ತದೆ, ಒಂದು ಲಾರಿಯ ಸಿಲಿಂಡರನ್ನು ಒಂದು ಬಸ್ಸಿಗೆ ಕೂಡಿಸುತ್ತದೆ. ಹೀಗೆ ಒಂದೊಂದು ಭಾಗಕ್ಕೂ ಬೇರೆ ಬೇರೆ ಗಾಡಿಗಳಲ್ಲಿ ದಾಯಾದಿಗಳಿರುತ್ತಾರೆ. ಜಿ.ಎಂ.ಸಿ. ಮೋಟಾರ್‌ಹೋಮಿನ ಹೆಸರು ಹೇಳಿದರೆ ‘ಇಲ್ಲ’ ಎಂದು ತಲೆಯಾಡಿಸುವ ಅಂಗಡಿಯವನೇ, ಅದರ ದಾಯಾದಿಯ ಹೆಸರು ಹೇಳಿದರೆ ಹಿಂದಿನ ಕಪಾಟಿನಿಂದ ಡಬ್ಬಿಯನ್ನು ತಂದಿಡುತ್ತಾನೆ.

ಈ ವಂಶಾವಳಿಯನ್ನು ಬರೆದಿಟ್ಟವರೂ ಉಂಟು. ಅಮೆರಿಕದ ಗುಜರಿ ಅಂಗಣಗಳಲ್ಲಿ 1930ರ ದಶಕದಿಂದ ಬಳಕೆಯಲ್ಲಿರುವ ‘ಹಾಲೆಂಡರ್’ ಕೈಪಿಡಿಯಲ್ಲಿ ಯಾವ ವರ್ಷದ ಯಾವ ಗಾಡಿಯ ಭಾಗ ಯಾವುದಕ್ಕೆ ಒಗ್ಗುತ್ತದೆಂಬ ಪಟ್ಟಿಯೇ ಇದೆ. ಅದಕ್ಕಿಂತ ಹತ್ತಿರದ ಸಹಾಯ, ಈ ಗಾಡಿಗಳ ಒಡೆಯರೇ ಕಟ್ಟಿಕೊಂಡ ಸಂಘಗಳದು. ಒಬ್ಬ ಬಿಚ್ಚಿ ನೋಡಿ ಬರೆದಿಟ್ಟ ಅಳತೆ ಮತ್ತೊಬ್ಬನಿಗೆ ದಾರಿದೀಪವಾಗುತ್ತದೆ. ಆದರೆ ಕೇಳಿದ್ದನ್ನೆಲ್ಲ ನಂಬುವಂತಿಲ್ಲ. ‘ಅದೇ ಇದು, ಕಣ್ಣುಮುಚ್ಚಿ ಹಾಕಿ’ ಎನ್ನುವವನ ಮಾತಿಗಿಂತ, ಹಳೆಯ ಭಾಗವನ್ನು ಕೈಯಲ್ಲಿ ಹಿಡಿದು ಅಳೆದು ನೋಡುವವನ ಮೌನವೇ ಲೇಸು.

ಎಲ್ಲಕ್ಕಿಂತ ಸುಲಭವಾಗಿ ದೊರೆಯುವುದು ಬೇರಿಂಗು. ಉಕ್ಕಿನ ಆ ಬಳೆಯ ಅಂಚಿನಲ್ಲಿ ಒಂದು ಸಂಖ್ಯೆಯನ್ನು ಕೊರೆದಿರುತ್ತಾರೆ. ಗಾಡಿಯ ಹೆಸರು ಬೇಡ, ವರ್ಷವೂ ಬೇಡ. ಆ ಸಂಖ್ಯೆಯನ್ನು ಹೇಳಿದರೆ ಪ್ರಪಂಚದ ಯಾವ ಮೂಲೆಯಲ್ಲಾದರೂ ಬೇರಿಂಗು ಸಿಕ್ಕೀತು, ಏಕೆಂದರೆ ಅದೇ ಅಳತೆಯ ಬೇರಿಂಗು ಹೊಲದ ಯಂತ್ರದಲ್ಲಿಯೂ ಇದ್ದೀತು, ಹಿಟ್ಟಿನ ಗಿರಣಿಯಲ್ಲಿಯೂ ಇದ್ದೀತು. ಎಣ್ಣೆ ಸೋರದಂತೆ ತಡೆಯುವ ಸೀಲುಗಳದೂ ಇದೇ ರೀತಿ. ಒಳಸುತ್ತು, ಹೊರಸುತ್ತು, ದಪ್ಪ, ಈ ಮೂರು ಅಳತೆ ಸಾಕು.

ಮುಂದಿನ ಸಸ್ಪೆನ್ಷನ್ನಿಗೆ ಬಂದರೆ ಟೊರೊನಾಡೊವಿನ ನಂಟು ಅಷ್ಟಿಷ್ಟು ಉಪಕಾರಕ್ಕೆ ಬರುತ್ತದೆ. ಅಲ್ಲಿ ಸುರುಳಿ ಸ್ಪ್ರಿಂಗುಗಳಿಲ್ಲ. ಚಾಸಿಯ ಉದ್ದಕ್ಕೆ ಮಲಗಿದ ಎರಡು ಉಕ್ಕಿನ ಸಲಾಕೆಗಳು ತಿರುಚಿಕೊಂಡು ಭಾರ ಹೊರುತ್ತವೆ. ಇವಕ್ಕೆ ಟಾರ್ಷನ್ ಬಾರು ಎಂದು ಹೆಸರು. ಹಳೆಯದನ್ನು ಬಿಚ್ಚುವಾಗ ಎಡದ್ದು ಯಾವುದು, ಬಲದ್ದು ಯಾವುದು ಎಂದು ಗುರುತು ಹಾಕಿಕೊಳ್ಳಬೇಕು. ಒಂದೇ ದಿಕ್ಕಿಗೆ ತಿರುಚಿ ಪಳಗಿದ ಉಕ್ಕು ವಿರುದ್ಧ ದಿಕ್ಕಿನ ಕೆಲಸಕ್ಕೆ ಒಲಿಯದು. ಮೈಮೇಲೆ ಆಳವಾದ ಗೀಚು ಬಿದ್ದ ಸಲಾಕೆಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬಾರದು. ಆ ಗೀಚಿನಿಂದಲೇ ಬಿರುಕು ಮೊದಲಾಗುತ್ತದೆ.

ಹಿಂದಿನ ಗಾಳಿಚೀಲಗಳ ಕಥೆ ಬೇರೆ. ರಬ್ಬರಿಗೆ ಓಡಿದರೂ ಮುಪ್ಪು, ನಿಂತರೂ ಮುಪ್ಪು. ಸಂಜೆ ನೆಟ್ಟಗೆ ನಿಲ್ಲಿಸಿದ ಗಾಡಿ ಬೆಳಗಾಗುವ ಹೊತ್ತಿಗೆ ಒಂದು ಮಗ್ಗುಲಿಗೆ ಕುಳಿತಿದ್ದರೆ ಚೀಲವೋ, ಕೊಳವೆಯೋ, ಗಾಳಿ ಬಿಡುವ ಕವಾಟವೋ ಸೋರುತ್ತಿದೆ ಎಂದೇ ಅರ್ಥ. ಸಾಬೂನಿನ ನೀರು ಹಚ್ಚಿ ಗುಳ್ಳೆ ನೋಡಿದರೆ ಕಳ್ಳ ಸಿಕ್ಕುತ್ತಾನೆ. ಮೂಲದ ಅಳತೆಯ ಚೀಲಗಳು ದುರ್ಲಭವಾದಾಗ ಈ ಗಾಡಿಗಳ ಪ್ರೇಮಿಗಳು ಬೇರೊಂದು ಉಪಾಯ ಹೂಡಿದರು. ಲಾರಿಗಳಿಗೆಂದು ದಂಡಿಯಾಗಿ ತಯಾರಾಗುವ ಗಾಳಿಚೀಲಗಳನ್ನು ಆರಿಸಿ, ಅವು ಕೂರುವಂತೆ ಉಕ್ಕಿನ ಹಿಡಿಗಳನ್ನು ಮಾಡಿಸಿದರು. ಕೆಲವರು ಪಕ್ಕಕ್ಕೊಂದರ ಬದಲು ಗಾಲಿಗೊಂದರಂತೆ ನಾಲ್ಕು ಚೀಲಗಳನ್ನೇ ಕೂಡಿಸಿದರು. ಮೂಲರೂಪವೇ ಪವಿತ್ರವೆಂದು ಪಟ್ಟು ಹಿಡಿಯುವವರಿಗೆ ಇದು ಅಪಚಾರವೆನಿಸಬಹುದು. ಆದರೆ ನಡುದಾರಿಯಲ್ಲಿ ಚೀಲ ಒಡೆದಾಗ ಹತ್ತಿರದ ಊರಿನ ಲಾರಿ ಅಂಗಡಿಯಲ್ಲಿ ಸಿಕ್ಕುವ ವಸ್ತುವೇ ಸಂಸಾರವಂದಿಗನಿಗೆ ಹಿತ. ಪ್ರದರ್ಶನದ ಬಹುಮಾನ ಆ ಹೊತ್ತಿಗೆ ಏನು ಮಾಡೀತು?

ತೋಳುಗಳ ಕೀಲುಗೂಟವನ್ನೂ ಬುಷ್‌ಗಳನ್ನೂ ಮಾತ್ರ ಯಾವ ಅಂಗಡಿಯ ದಾಯಾದಿಯೂ ಕೊಡಲಾರ. ಗ್ರೀಸು ಕಾಣದೆ ಸವೆದಿದ್ದರೆ ಅದೇ ಮಾದರಿಯ ಸತ್ತ ಗಾಡಿಯಿಂದ ತರಬೇಕು, ಇಲ್ಲವೆ ಈ ಗಾಡಿಗೆಂದೇ ದುಡಿಯುವ ಕೆಲವು ಚಿಕ್ಕ ವರ್ಕ್‌ಷಾಪುಗಳಲ್ಲಿ ಮಾಡಿಸಬೇಕು. ಈ ಕಾರಣಕ್ಕಾಗಿಯೇ ಜಾಣರು ಓಡದ ಗಾಡಿಯೊಂದು ಅಗ್ಗಕ್ಕೆ ಸಿಕ್ಕಿದರೆ ಬಿಡಿಭಾಗಕ್ಕೆಂದು ಅದನ್ನೂ ಕೊಂಡು ಹಿತ್ತಲಿನಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಅವರ ಗೃಹಿಣಿಯರ ಅಭಿಪ್ರಾಯ ಬೇರೆ ಇದ್ದೀತು!

ಬ್ರೇಕಿನ ಅವಿಭಕ್ತ ಕುಟುಂಬ

ಸಸ್ಪೆನ್ಷನ್ ಕೆಟ್ಟರೆ ಮೈ ನೊಂದೀತು. ಬ್ರೇಕು ಕೆಟ್ಟರೆ? ಕೊಲರಾಡೊ ಸಂಸ್ಥಾನದಲ್ಲಿ ರಾಕಿ ಪರ್ವತವನ್ನು ದಾಟುವ ಹೆದ್ದಾರಿಯ ಮೇಲೆ ಐಸೆನ್‌ಹೋವರ್ ಸುರಂಗವಿದೆ. ಈ ಗಾಡಿ ಮಾರುಕಟ್ಟೆಗೆ ಬಂದ 1973ರಲ್ಲಿಯೇ ಅದೂ ತೆರೆಯಿತು. ಸಮುದ್ರಮಟ್ಟದಿಂದ 11,000 ಅಡಿಗೂ ಮೇಲಿರುವ ಆ ಸುರಂಗದಿಂದ ಪಶ್ಚಿಮಕ್ಕೆ ಹೊರಬಿದ್ದರೆ ಮೈಲುಗಟ್ಟಲೆ ಇಳಿಜಾರು. ಬ್ರೇಕು ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ರಸ್ತೆಯ ಪಕ್ಕದಲ್ಲಿ ಜಲ್ಲಿಕಲ್ಲು ಸುರಿದ ಏರುದಾರಿಗಳನ್ನೇ ಅಲ್ಲಿ ಕಟ್ಟಿದ್ದಾರೆ. ಐದು ಟನ್ನಿನ ಆಸುಪಾಸು ತೂಗುವ ಮನೆ, ಹಿಂದೆ ಮಲಗಿರುವ ಮಕ್ಕಳು, ಕಾಲ ಕೆಳಗೆ ಐವತ್ತು ವರ್ಷದ ಬ್ರೇಕು: ಇಷ್ಟನ್ನು ಮನಸ್ಸಿಗೆ ತಂದುಕೊಂಡು ಅಂಗಡಿಗೆ ಹೋಗಬೇಕು.

ಮೋಟಾರ್‌ಹೋಮಿನ ಮುಂದಿನ ಎರಡು ಗಾಲಿಗಳಿಗೆ ಡಿಸ್ಕು, ಹಿಂದಿನ ನಾಲ್ಕಕ್ಕೂ ಡ್ರಮ್ಮು. ಹಿಂದಿನ ನಾಲ್ಕರ ಪೈಕಿ ಎರಡು ಸಿಲಿಂಡರುಗಳು ತುಕ್ಕು ಹಿಡಿದು ಅಲುಗದೆ ಕುಳಿತಿದ್ದರೂ ಚಾಲಕನಿಗೆ ಕೂಡಲೇ ತಿಳಿಯದು. ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಊರೊಳಗೆ ಗಾಡಿ ನಿಲ್ಲುತ್ತದೆ. ಕೆಲಸವೆಲ್ಲ ಮುಂದಿನ ಡಿಸ್ಕುಗಳ ಪಾಲಿಗೆ ಬಿದ್ದಿದೆಯೆಂಬುದು ಹೊರಬೀಳುವುದು ಘಟ್ಟ ಇಳಿಯುವಾಗ, ಅವು ಕಾದು ಕೆಂಪಾದಾಗ.

ಇಲ್ಲಿ ಒಂದು ಮೋಸದ ಬಗ್ಗೆ ಎಚ್ಚರ ಹೇಳಬೇಕು. ‘ಹಳೆಯ ಹೊಸ ಮಾಲು’ ಎಂದು ವ್ಯಾಪಾರಿಗಳು ಹೊಗಳುವ ಡಬ್ಬಿಗಳುಂಟು. ಎಪ್ಪತ್ತರ ದಶಕದಲ್ಲಿ ತಯಾರಾಗಿ ಬಿಚ್ಚದೆಯೇ ಉಳಿದವು. ಕಬ್ಬಿಣದ ತೋಳಾದರೆ, ಡ್ರಮ್ಮಾದರೆ ಅದು ನಿಧಿಯೇ ಸರಿ. ಆದರೆ ರಬ್ಬರಿನ ಕೊಳವೆ, ಸಿಲಿಂಡರಿನ ರಬ್ಬರ್ ಕಪ್ಪು ಇವು ಡಬ್ಬಿಯಲ್ಲಿದ್ದೇ ಮುದಿಯಾಗಿರುತ್ತವೆ. ಹಳೆಯ ಬ್ರೇಕು ಕೊಳವೆ ಹೊರಗೆ ನಯವಾಗಿ ಕಂಡು ಒಳಗೆ ಊದಿಕೊಂಡಿರುವುದುಂಟು. ಪೆಡಲು ಒತ್ತಿದಾಗ ದ್ರವವನ್ನು ಮುಂದಕ್ಕೆ ಬಿಟ್ಟು, ಪೆಡಲು ಬಿಟ್ಟಾಗ ಹಿಂದಕ್ಕೆ ಬಾರದಂತೆ ತಡೆಯುತ್ತದೆ. ಆ ಗಾಲಿಯ ಬ್ರೇಕು ಹಿಡಿದೇ ಇರುತ್ತದೆ, ಉರಿಯುತ್ತದೆ. ಒಡೆಯ ಬೇರಿಂಗನ್ನು ಬಯ್ಯುತ್ತಾನೆ. ಕೊಳವೆಗಳಷ್ಟನ್ನೂ ಹೊಸತು ಹಾಕುವುದೇ ಮೇಲು, ಅವೇನೂ ಬಂಗಾರದ ಬೆಲೆಯವಲ್ಲ.

ಸಿಲಿಂಡರು ಹೊಸತು ಸಿಕ್ಕದಿದ್ದರೆ ನಿರಾಶೆ ಬೇಡ. ತುಕ್ಕು ತಿಂದ ಒಳಗೋಡೆಯನ್ನು ಕೊರೆದು, ಹಿತ್ತಾಳೆಯ ಅಥವಾ ತುಕ್ಕು ಹಿಡಿಯದ ಉಕ್ಕಿನ ತೋಳನ್ನು ಒಳಕ್ಕೆ ಕೂಡಿಸಿ ಮೊದಲಿನ ಅಳತೆಗೆ ತರುವ ಕುಶಲಿಗಳಿದ್ದಾರೆ. ಬ್ರೇಕ್ ಷೂಗಳಿಗೂ ಹಾಗೆಯೇ. ಹಳೆಯ ಕಬ್ಬಿಣವನ್ನು ಉಳಿಸಿಕೊಂಡು ಮೇಲಿನ ಲೈನಿಂಗನ್ನು ಹೊಸದಾಗಿ ಅಂಟಿಸಿಕೊಡುತ್ತಾರೆ. ಆದರೆ ಎಪ್ಪತ್ತರ ದಶಕದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮನ್ನು ತೆರೆದು ಒಳಗಿನ ಧೂಳನ್ನು ಗಾಳಿಯಿಂದ ಊದುವುದು ಶ್ವಾಸಕೋಶಕ್ಕೆ ವಿಷವನ್ನು ಆಹ್ವಾನಿಸಿದಂತೆ. ಒದ್ದೆ ಮಾಡಿ ಒರೆಸಬೇಕು, ಒರೆಸಿದ ಬಟ್ಟೆಯನ್ನು ಮುಚ್ಚಿ ಕಟ್ಟಿ ಎಸೆಯಬೇಕು.

ಬ್ರೇಕಿನ ದ್ರವವೂ ಬಿಡಿಭಾಗವೇ ಎಂಬುದನ್ನು ಮರೆಯುವವರು ಬಹಳ. ಸಾಮಾನ್ಯ ಬಳಕೆಯ ‘ಡಾಟ್ 3’ ದ್ರವವು ಹೊಸತಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ವರೆಗೆ ಕುದಿಯಬಾರದೆಂಬ ನಿಯಮವಿದೆ. ಆದರೆ ಅದು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ನೀರು ಬೆರೆತ ದ್ರವಕ್ಕೆ ಆ ಮಿತಿ 140 ಡಿಗ್ರಿ ಮಾತ್ರ. ಇಳಿಜಾರಿನಲ್ಲಿ ಬ್ರೇಕು ಕಾದಾಗ ದ್ರವ ಕುದಿದು ಆವಿಯ ಗುಳ್ಳೆ ಎದ್ದರೆ, ಪೆಡಲು ಒತ್ತಿದ ಬಲವೆಲ್ಲ ಗುಳ್ಳೆಯನ್ನು ಅಮುಕುವುದರಲ್ಲಿಯೇ ಮುಗಿಯುತ್ತದೆ. ಗಾಲಿಗೆ ಏನೂ ತಲುಪದು.

ಇನ್ನು ದಾಯಾದಿಗಳ ಮಾತು. ಮುಂದಿನ ಬ್ರೇಕಿಗೆ ದೊಡ್ಡ ಲಾರಿಯ ಕ್ಯಾಲಿಪರು ಹಾಕಿದರೆ ಹಿಡಿತ ಹೆಚ್ಚುತ್ತದೆಂದು ಕೇಳಿ ಕೆಲವರು ಹಾಗೆ ಮಾಡುತ್ತಾರೆ. ಹೆಚ್ಚುವುದು ನಿಜ. ಆದರೆ ಬ್ರೇಕು ಒಂದು ಅವಿಭಕ್ತ ಕುಟುಂಬ. ಒಬ್ಬನ ಊಟ ಹೆಚ್ಚಿದರೆ ಅಡಿಗೆಮನೆಗೆ ತಿಳಿಯಲೇಬೇಕು. ದೊಡ್ಡ ಪಿಸ್ಟನ್ನಿಗೆ ಹೆಚ್ಚು ದ್ರವ ಬೇಕು. ಅದನ್ನು ಒದಗಿಸುವ ಮಾಸ್ಟರ್ ಸಿಲಿಂಡರು ಮೊದಲಿನಷ್ಟೇ ಇದ್ದರೆ ಪೆಡಲು ನೆಲ ಮುಟ್ಟುವಷ್ಟು ಕೆಳಕ್ಕೆ ಹೋಗುತ್ತದೆ. ಒಂದನ್ನು ಬದಲಿಸುವಾಗ ಉಳಿದವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಿಂದಿನ ಜೋಡಿಗಾಲಿಗಳಿಗೆ ಮತ್ತೊಂದು ವಿಚಿತ್ರ ಗುಣವಿದೆ. ಬ್ರೇಕು ಹಿಡಿದಾಗ ತೋಳುಗಳ ಮೇಲೆ ಬೀಳುವ ತಿರುಚುಬಲದಿಂದ ಜೋಡಿಯ ಮುಂದಿನ ಗಾಲಿ ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಗಾಲಿ ಬೇಗನೆ ಸಿಕ್ಕಿಕೊಂಡು ಜಾರತೊಡಗುತ್ತದೆ. ಕಂಪೆನಿಯ ಎಂಜಿನಿಯರರು ಬಿಟ್ಟುಹೋದ ಈ ತೊಡಕನ್ನು ಬಿಡಿಸಲು, ಬ್ರೇಕಿನ ಬಲವನ್ನು ತೋಳಿಗೆ ತಾಕಿಸದೆ ಬೇರೊಂದು ಸಲಾಕೆಯ ಮೂಲಕ ಚಾಸಿಗೇ ಒಯ್ಯುವ ಜೋಡಣೆಯನ್ನು ಒಡೆಯರ ವಲಯದ ಯಂತ್ರಕುಶಲರು ರೂಪಿಸಿದರು. ಕಾರ್ಖಾನೆ ಮುಚ್ಚಿದ ಮೇಲೆ ಗಾಡಿ ಸುಧಾರಿಸಿದ್ದು ಮೋಟಾರಿನ ಚರಿತ್ರೆಯಲ್ಲಿ ಅಪರೂಪವೇ.

ಟೈರಿನ ವಿಷಯವನ್ನು ಒಂದೇ ಮಾತಿನಲ್ಲಿ ಹೇಳಬಹುದಾದರೂ ಅದು ಪ್ರಾಣದ ಮಾತು. ಕಂಪೆನಿ ಕೊಟ್ಟ ಚಕ್ರಗಳು 16.5 ಅಂಗುಲದವು. ಆ ಅಳತೆಯ ಟೈರು ಈಗ ಬಲು ವಿರಳ, 16 ಅಂಗುಲದ್ದು ಧಾರಾಳ. ಅರ್ಧ ಅಂಗುಲ ತಾನೆ ಎಂದು ಹಳೆಯ ಚಕ್ರಕ್ಕೆ 16ರ ಟೈರನ್ನು ಏರಿಸಿ ಗಾಳಿ ತುಂಬಿದರೆ ಅದರ ಅಂಚಿನ ತಂತಿ ಹರಿದು ಟೈರು ಬಾಂಬಿನಂತೆ ಸಿಡಿಯುತ್ತದೆ. ಹೀಗೆ ಜೀವಗಳೇ ಹೋಗಿವೆ. 16ರ ಟೈರು ಬೇಕಿದ್ದರೆ 16ರ ಚಕ್ರಗಳನ್ನೇ ಕೊಳ್ಳಬೇಕು, ಆರಕ್ಕೆ ಆರನ್ನೂ.

ಎಲ್ಲ ಕೂಡಿಸಿ ಮುಗಿದ ದಿನ ಸಂಸಾರವನ್ನು ಹತ್ತಿಸಿಕೊಂಡು ಹೊರಡುವ ಆತುರ ಬೇಡ. ಅನುಭವಸ್ಥರು ಮೊದಲು ಜನವಿಲ್ಲದ ಬಯಲಿನಲ್ಲಿ ಹತ್ತು ಮೈಲಿಯ ವೇಗದಲ್ಲಿ ಓಡಿಸಿ ನಿಲ್ಲಿಸುತ್ತಾರೆ, ಬಳಿಕ ಇಪ್ಪತ್ತರಲ್ಲಿ, ಬಳಿಕ ಮೂವತ್ತರಲ್ಲಿ. ಹತ್ತಾರು ಸಲ ನಿಲ್ಲಿಸಿದ ಮೇಲೆ ಕೆಳಗಿಳಿದು, ಆರು ಗಾಲಿಗಳ ಬಳಿಯೂ ಒಂದೊಂದಾಗಿ ಅಂಗೈಯನ್ನು, ಮುಟ್ಟದಂತೆ, ಹಿಡಿದು ನೋಡುತ್ತಾರೆ. ಉಷ್ಣಮಾಪಕವಿದ್ದರೆ ಇನ್ನೂ ಒಳ್ಳೆಯದು. ಒಂದು ಪಕ್ಕದ ಕಾವು ಇನ್ನೊಂದು ಪಕ್ಕಕ್ಕೆ ಹೆಚ್ಚುಕಡಮೆ ಸರಿಹೊಂದಬೇಕು. ಯಾವ ಗಾಲಿ ತಣ್ಣಗಿದೆಯೋ ಆ ಗಾಲಿ ಕೆಲಸ ಮಾಡುತ್ತಿಲ್ಲ. ಜಾಕಿ ಏರಿಸಿ ಅದನ್ನು ಮತ್ತೆ ಬಿಚ್ಚಬೇಕು.